ಮೊದಲು ಹಣ, ಆಮೇಲೆ ಮನೆ, ಕೊನೆಗೆ ಗಂಡಂದಿರು: ಮಾರ್ಜರಿ ಪೋಸ್ಟ್ ಅವರ ಬದುಕನ್ನು ನಾನು ಬರೆದ ಬಗೆ

ಅಮೆರಿಕದ ಆಗರ್ಭ ಶ್ರೀಮಂತ ಮಹಿಳೆಯರ ಜೀವನಚರಿತ್ರೆಗಳಲ್ಲಿ ಸಾಮಾನ್ಯವಾಗಿ ಮದುವೆಗಳೇ ಅಧ್ಯಾಯಗಳಾಗುತ್ತವೆ, ಬಂಗಲೆಗಳು ಚಿತ್ರಪುಟಗಳಾಗುತ್ತವೆ, ಹಣ ಮಾತ್ರ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗಿಬಿಡುತ್ತದೆ. ತಂದೆಯ ಆಹಾರ ಕಂಪನಿಗೆ ವಾರಸುದಾರರಾಗಿದ್ದ ಮಾರ್ಜರಿ ಮೆರಿವೆದರ್ ಪೋಸ್ಟ್ (1887–1973) ಅವರ ಬಗ್ಗೆ ಕನ್ನಡದ ಮಾಸಪತ್ರಿಕೆಯೊಂದಕ್ಕೆ ದೀರ್ಘವಾದ ವ್ಯಕ್ತಿಚಿತ್ರ ಬರೆದುಕೊಡಲು ಒಪ್ಪಿಕೊಂಡಾಗ, ಈ ಕ್ರಮವನ್ನು ತಿರುವುಮುರುವು ಮಾಡಬೇಕೆಂದು ನಾನು ಮೊದಲೇ ನಿರ್ಧರಿಸಿದ್ದೆ. ಸಂಪಾದಕರು ಫೋನಿನಲ್ಲಿ, “ಪಾರ್ಟಿ ಕೊಟ್ಟದ್ದು ಬಿಟ್ಟರೆ ಈಕೆ ಬೇರೇನು ಮಾಡಿದ್ದಾರೆ, ಮೇಡಂ?” ಎಂದು ಸಂಕೋಚದಿಂದಲೇ ಕೇಳಿದ್ದರು. ಪಾರ್ಟಿ ಕೊಡುವುದೂ ಒಂದು ಉದ್ಯೋಗವೇ, ಅದಕ್ಕೂ ಬಂಡವಾಳ, ಸಿಬ್ಬಂದಿ, ಲೆಕ್ಕಪತ್ರ, ಫಲ ಎಲ್ಲವೂ ಇರುತ್ತವೆ ಎಂಬುದನ್ನು ತೋರಿಸಿದರೆ ಅವರ ಪ್ರಶ್ನೆಗೆ ಉತ್ತರ ಸಿಕ್ಕೀತು ಎಂದು ನನಗೆ ಅನ್ನಿಸಿತು.

ನಾನು ಮೈಸೂರಿನಲ್ಲಿ ಆಹಾರ ತಂತ್ರಜ್ಞಾನ ಓದಿ, ಮದುವೆಯ ನಂತರ ಮೇರಿಲ್ಯಾಂಡಿನಲ್ಲಿ ಸಂಸಾರ ಹೂಡಿದವಳು. ನಮ್ಮ ಮನೆಯಿಂದ ಅಷ್ಟೇನೂ ದೂರವಲ್ಲದ ಕೊಲಂಬಿಯಾ ಎಂಬ ಊರಿನಲ್ಲಿ 1967ರಲ್ಲಿ ತೆರೆದ ಬಯಲು ಸಂಗೀತಮಂದಿರಕ್ಕೆ ಮಾರ್ಜರಿಯವರ ಹೆಸರನ್ನೇ ಇಟ್ಟಿದ್ದಾರೆ. ಆದರೂ ನನ್ನನ್ನು ಅವರತ್ತ ಎಳೆದದ್ದು ಫ್ರೋಜನ್ ಬಟಾಣಿ. ತರಕಾರಿ, ಮೀನು, ಮಾಂಸವನ್ನು ಶೀಘ್ರವಾಗಿ ಹೆಪ್ಪುಗಟ್ಟಿಸುವ ಉದ್ಯಮದ ಚರಿತ್ರೆ ಓದುವಾಗ ಪ್ರತಿ ಪುಸ್ತಕದಲ್ಲೂ ಒಂದೆರಡು ಸಾಲುಗಳಲ್ಲಿ ಇವರು ಬಂದು ಹೋಗುತ್ತಿದ್ದರು, ಅದೂ “ಶ್ರೀಮತಿ ಹಟನ್” ಎಂಬ ಹೆಸರಿನಲ್ಲಿ.

ಕೆಲಸ ಶುರುವಾದದ್ದು ಈ ಹೆಸರಿನ ತೊಡಕಿನಿಂದಲೇ. ಹಿಂದಿನ ಅಮೆರಿಕನ್ ಪತ್ರಿಕೆಗಳು ಮದುವೆಯಾದ ಹೆಂಗಸನ್ನು ಗಂಡನ ಪೂರ್ತಿ ಹೆಸರಿನಿಂದಲೇ ಕರೆಯುತ್ತಿದ್ದವು. ಮಾರ್ಜರಿಯವರಿಗೆ ನಾಲ್ಕು ಮದುವೆಗಳಾಗಿದ್ದವು. 1905ರಿಂದ 1919ರವರೆಗೆ ಅವರು ಮಿಸೆಸ್ ಎಡ್ವರ್ಡ್ ಕ್ಲೋಸ್, 1920ರಿಂದ 1935ರವರೆಗೆ ಮಿಸೆಸ್ ಎಡ್ವರ್ಡ್ ಹಟನ್, ಅಲ್ಲಿಂದ 1955ರವರೆಗೆ ಮಿಸೆಸ್ ಜೋಸೆಫ್ ಡೇವಿಸ್, 1958ರಿಂದ 1964ರವರೆಗೆ ಮಿಸೆಸ್ ಹರ್ಬರ್ಟ್ ಮೇ. ಅದಾದ ಮೇಲೆ ಕೊನೆಯವರೆಗೂ ತವರಿನ ಹೆಸರನ್ನೇ ಇಟ್ಟುಕೊಂಡರು. ಹಾಗಾಗಿ “ಮಾರ್ಜರಿ ಪೋಸ್ಟ್” ಎಂದು ಹುಡುಕಿದರೆ ಅವರ ಬದುಕಿನ ನಡುವಿನ ಐವತ್ತು ವರ್ಷಗಳು ಬಹುಮಟ್ಟಿಗೆ ಖಾಲಿಯಾಗಿಯೇ ಕಾಣುತ್ತವೆ. ವಾಷಿಂಗ್ಟನ್ನಿನ ಈವನಿಂಗ್ ಸ್ಟಾರ್ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್ ಡಿಜಿಟಲ್ ರೂಪದಲ್ಲಿ ಎಲ್ಲರಿಗೂ ಉಚಿತವಾಗಿ ಒದಗಿಸಿದೆ. ಅದರಲ್ಲಿ ಒಂದೊಂದು ಹೆಸರನ್ನೂ ಆಯಾ ವರ್ಷಗಳ ಒಳಗೆ ಮಾತ್ರ ಹುಡುಕುತ್ತ ಹೋದೆ. ಮಸಿ ಹರಡಿದ ಪುಟಗಳನ್ನು ಯಂತ್ರ ಸರಿಯಾಗಿ ಓದುವುದಿಲ್ಲ, ‘ಡೇವಿಸ್’ ಎಂಬ ಹೆಸರಿಗೆ ಇಂಗ್ಲಿಷಿನಲ್ಲಿ ಎರಡು ಕಾಗುಣಿತಗಳಿರುವುದೂ ಸೇರಿಕೊಂಡರೆ ಕೇಳುವುದೇ ಬೇಡ. ಆದ್ದರಿಂದ ಮುಖ್ಯವಾದ ವರ್ಷಗಳ ಭಾನುವಾರದ ಸಮಾಜ ಪುಟಗಳನ್ನು, ಅಂದರೆ ಸಿರಿವಂತರ ಔತಣ, ಮದುವೆಗಳ ಸುದ್ದಿ ಬರುವ ಪುಟಗಳನ್ನು, ಕಣ್ಣಿನಿಂದಲೇ ಒಂದೊಂದಾಗಿ ನೋಡಿದೆ. ಟಿಪ್ಪಣಿ ಪುಸ್ತಕದಲ್ಲಿ ದಿನಾಂಕ, ಪತ್ರಿಕೆ ಬಳಸಿದ ಹೆಸರು, ಆ ಸಂದರ್ಭದ ಖರ್ಚು ಯಾರದು ಎಂಬ ಮೂರು ಅಂಕಣಗಳನ್ನು ಎಳೆದುಕೊಂಡಿದ್ದೆ. ಮೂರನೆಯ ಅಂಕಣದಲ್ಲಿ ಬಹುತೇಕ ಕಡೆ ಒಂದೇ ಉತ್ತರ ಬರತೊಡಗಿದಾಗ ನನ್ನ ಲೇಖನದ ಬೆನ್ನೆಲುಬು ಸಿಕ್ಕಿತು. ಗಂಡಂದಿರ ಹೆಸರುಗಳು ಬದಲಾಗುತ್ತಿದ್ದವು, ಹಣ ಮಾತ್ರ ಆಕೆಯದೇ ಆಗಿತ್ತು.

ಆ ಹಣದ ಮೂಲ ಬ್ಯಾಟಲ್ ಕ್ರೀಕ್ ಎಂಬ ಮಿಶಿಗನ್ ರಾಜ್ಯದ ಊರು. ಮಾರ್ಜರಿ ಹುಟ್ಟಿದ್ದು ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ, 1887ರ ಮಾರ್ಚ್ 15ರಂದು, ತಂದೆ ತಾಯಿಗೆ ಒಬ್ಬಳೇ ಮಗಳಾಗಿ. ತಂದೆ ಚಾರ್ಲ್ಸ್ ವಿಲಿಯಂ ಪೋಸ್ಟ್ ಆರೋಗ್ಯ ಕೆಟ್ಟು, 1891ರಲ್ಲಿ ಹೆಂಡತಿ ಮಗಳೊಂದಿಗೆ ಬ್ಯಾಟಲ್ ಕ್ರೀಕಿಗೆ ಹೋಗಿ ಡಾಕ್ಟರ್ ಕೆಲ್ಲಾಗ್ ಅವರ ಪ್ರಸಿದ್ಧ ಆರೋಗ್ಯಧಾಮಕ್ಕೆ ಸೇರಿದರು. ಅಲ್ಲಿನ ಪಥ್ಯದ ಊಟವನ್ನು ಹತ್ತಿರದಿಂದ ಕಂಡ ಅವರು 1895ರಲ್ಲಿ ಕಾಫಿಗೆ ಬದಲಿಯಾಗಿ ಹುರಿದ ಗೋಧಿಯ ‘ಪೋಸ್ಟಮ್’ ಎಂಬ ಪೇಯವನ್ನೂ, ಎರಡು ವರ್ಷಗಳ ನಂತರ ‘ಗ್ರೇಪ್-ನಟ್ಸ್’ ಎಂಬ ತಿನಿಸನ್ನೂ ಮಾರುಕಟ್ಟೆಗೆ ಬಿಟ್ಟರು. (ಕಾಫಿ ಕುಡಿಯುವುದು ಕೆಡುಕೆಂದು ಜಾಹೀರಾತು ಕೊಟ್ಟು ಸಿರಿವಂತನಾದವನ ಕಥೆಯನ್ನು ಚಿಕ್ಕಮಗಳೂರು, ಕೊಡಗಿನ ಓದುಗರಿಗೆ ಹೇಳುವಾಗ ನಗು ಬಾರದಿರುತ್ತದೆಯೇ!) ಪುಟ್ಟ ಮಾರ್ಜರಿ ಪೊಟ್ಟಣಗಳಿಗೆ ಲೇಬಲ್ ಅಂಟಿಸುತ್ತಿದ್ದಳು. ತಂದೆ ಅವಳನ್ನು ಕಾರ್ಖಾನೆಗೂ ವ್ಯವಹಾರದ ಸಭೆಗಳಿಗೂ ಕರೆದುಕೊಂಡು ಹೋಗುತ್ತಿದ್ದರು. ಗಂಡುಮಗನಿಗೆ ಕೊಡುವಂಥ ವ್ಯಾಪಾರದ ತರಬೇತಿಯನ್ನು ಕೊಟ್ಟು, ಆಮೇಲೆ ಹೆಣ್ಣುಮಗಳಿಗೆ ಕೊಡುವಂಥ ಶಿಕ್ಷಣಕ್ಕಾಗಿ ವಾಷಿಂಗ್ಟನ್ನಿನ ಮೌಂಟ್ ವೆರ್ನನ್ ಸೆಮಿನರಿಗೆ ಸೇರಿಸಿದ ಆ ತಂದೆಯ ನಡೆಯಲ್ಲಿ ಮುಂದಿನ ಅರವತ್ತು ವರ್ಷಗಳ ಬದುಕು ಬೀಜರೂಪದಲ್ಲಿ ಇತ್ತೆಂದು ನನಗೆ ತೋರುತ್ತದೆ.

1914ರ ಮೇ ತಿಂಗಳಲ್ಲಿ ತಂದೆ ಕ್ಯಾಲಿಫೋರ್ನಿಯಾದಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಇಪ್ಪತ್ತೇಳರ ಹರೆಯದ ಮಗಳು ಕಂಪನಿಯ ಒಡತಿಯಾದರು. ಆದರೆ ನಿರ್ದೇಶಕ ಮಂಡಳಿಯಲ್ಲಿ ಹೆಣ್ಣು ಕೂರುವ ವಾಡಿಕೆ ಇರಲಿಲ್ಲ. ಅವರ ಪರವಾಗಿ ಮೊದಲ ಪತಿ ಕ್ಲೋಸ್, ನಂತರ ಎರಡನೆಯ ಪತಿ, ವಾಲ್ ಸ್ಟ್ರೀಟಿನ ದಲ್ಲಾಳಿ ಹಟನ್ ವ್ಯವಹಾರ ನೋಡಿಕೊಂಡರು. ಮಾರ್ಜರಿ ಅಧಿಕೃತವಾಗಿ ಮಂಡಳಿಗೆ ಬಂದದ್ದು 1936ರಲ್ಲಿ, ಹಟನ್ ಅವರಿಂದ ವಿಚ್ಛೇದನ ಪಡೆದ ಮರುವರ್ಷ. ಅಲ್ಲಿಂದ 1958ರವರೆಗೆ ಅವರು ನಿರ್ದೇಶಕರಾಗಿದ್ದರು. ಸಮಾಜ ಪುಟಗಳನ್ನಷ್ಟೇ ಓದಿದವರಿಗೆ ಈ ಇಪ್ಪತ್ತೆರಡು ವರ್ಷಗಳು ರಾಯಭಾರಿಯ ಪತ್ನಿಯೊಬ್ಬರು ತೊಟ್ಟ ಉಡುಪು ಮತ್ತು ಮೇಜಿನ ಹೂಗಳ ವರ್ಷಗಳು. ಕಂಪನಿಯ ದಾಖಲೆಯನ್ನು ಪಕ್ಕದಲ್ಲಿಟ್ಟುಕೊಂಡಾಗಲೇ ಅದೇ ವ್ಯಕ್ತಿ ಅಮೆರಿಕದ ಅತಿ ದೊಡ್ಡ ಆಹಾರ ಕಂಪನಿಗಳಲ್ಲೊಂದರ ನಿರ್ದೇಶಕಿಯೂ ಆಗಿದ್ದರೆಂಬುದು ಕಣ್ಣಿಗೆ ಬೀಳುವುದು.

ನನ್ನ ವೃತ್ತಿಯ ತಿಳಿವಳಿಕೆ ನೆರವಿಗೆ ಬಂದದ್ದು ಹೆಪ್ಪುಗಟ್ಟಿಸಿದ ಆಹಾರದ ಅಧ್ಯಾಯದಲ್ಲಿ. ಕುಟುಂಬದವರು ಹೇಳಿಕೊಂಡು ಬಂದಿರುವ ಕಥೆಯ ಪ್ರಕಾರ, 1926ರಲ್ಲಿ ಮಾರ್ಜರಿಯವರ ವಿಹಾರನೌಕೆ ಮ್ಯಾಸಚೂಸೆಟ್ಸಿನ ಗ್ಲಾಸ್ಟರ್ ಬಂದರಿನಲ್ಲಿ ತಂಗಿದ್ದಾಗ ಅಡುಗೆಯವರು ಬಡಿಸಿದ ಹೆಬ್ಬಾತಿನ ಮಾಂಸ ತಿಂಗಳುಗಳ ಹಿಂದೆಯೇ ಹೆಪ್ಪುಗಟ್ಟಿಸಿದ್ದೆಂದು ತಿಳಿದು ಬೆರಗಾದ ಅವರು, ಅದನ್ನು ತಯಾರಿಸಿದ ಕ್ಲಾರೆನ್ಸ್ ಬರ್ಡ್ಸ್‌ಐ ಅವರನ್ನು ಹುಡುಕಿಕೊಂಡು ಹೋದರಂತೆ. ಕಥೆ ಚೆನ್ನಾಗಿದೆ, ನಾನೂ ಬಳಸಿಕೊಂಡೆ, ‘ಅಂತೆ’ ಸೇರಿಸಿಯೇ ಬಳಸಿಕೊಂಡೆ. ಆದರೆ ಅವರು ಕಂಡದ್ದೇನು ಎಂಬುದನ್ನು ವಿವರಿಸದಿದ್ದರೆ ಆ ಕಥೆ ಬರೀ ಊಟದ ಮೇಜಿನ ಸ್ವಾರಸ್ಯವಾಗಿ ಉಳಿಯುತ್ತದೆ. ಆಹಾರವನ್ನು ನಿಧಾನವಾಗಿ ಹೆಪ್ಪುಗಟ್ಟಿಸಿದರೆ ಅದರೊಳಗಿನ ನೀರು ದೊಡ್ಡ ಹರಳುಗಳಾಗಿ ಜೀವಕೋಶಗಳ ಗೋಡೆಗಳನ್ನು ಹರಿದುಹಾಕುತ್ತದೆ. ಮಂಜು ಕರಗಿದಾಗ ರಸವೆಲ್ಲ ಸೋರಿ ಮೀನು ಮೆತ್ತಗಾಗುತ್ತದೆ. ಬರ್ಡ್ಸ್‌ಐ ಪೊಟ್ಟಣ ಕಟ್ಟಿದ ಆಹಾರವನ್ನು ಅತಿ ತಣ್ಣನೆಯ ಎರಡು ಲೋಹದ ತಟ್ಟೆಗಳ ನಡುವೆ ಒತ್ತಿ ಹಿಡಿದು ಬಹುಬೇಗ ಹೆಪ್ಪುಗಟ್ಟಿಸುತ್ತಿದ್ದರು. ಆಗ ಹರಳುಗಳು ಬಲು ಸಣ್ಣದಾಗಿ, ಕೋಶಗಳು ಹೆಚ್ಚು ಹಾನಿಯಿಲ್ಲದೆ ಉಳಿಯುತ್ತವೆ. ಇಂದಿಗೂ ಕಾರ್ಖಾನೆಗಳಲ್ಲಿ ಬಳಸುವ ಪ್ಲೇಟ್ ಫ್ರೀಜರ್‌ನ ತತ್ತ್ವ ಇದೇ.

ಹಾಗಿದ್ದರೂ ಮಂಡಳಿಯ ಗಂಡಸರು ಹಿಂದೇಟು ಹಾಕಿದ್ದನ್ನು ನಾನು ಮೂರ್ಖತನವೆಂದು ಬರೆಯಲಿಲ್ಲ. ಆ ಕಾಲದ ಅಂಗಡಿಗಳಲ್ಲಿ ಫ್ರೀಜರ್ ಇರಲಿಲ್ಲ, ಮನೆಗಳಲ್ಲಂತೂ ಇರಲೇ ಇಲ್ಲ. ಇಟ್ಟುಕೊಳ್ಳಲು ಜಾಗವೇ ಇಲ್ಲದ ಸರಕನ್ನು ಯಾರಿಗೆ ಮಾರುವುದು? ಕೊನೆಗೆ 1929ರಲ್ಲಿ ಪೋಸ್ಟಮ್ ಕಂಪನಿ ಮತ್ತು ಗೋಲ್ಡ್‌ಮನ್ ಸ್ಯಾಕ್ಸ್ ಎಂಬ ಹಣಕಾಸು ಸಂಸ್ಥೆ ಸೇರಿ ಬರ್ಡ್ಸ್‌ಐ ಅವರ ಪೇಟೆಂಟುಗಳನ್ನೂ ಉದ್ಯಮವನ್ನೂ 2.2 ಕೋಟಿ ಡಾಲರಿಗೆ ಕೊಂಡವು. ಅದೇ ವರ್ಷ ಪೋಸ್ಟಮ್ ಕಂಪನಿಯು ‘ಜನರಲ್ ಫುಡ್ಸ್’ ಎಂಬ ಹೊಸ ಹೆಸರು ಪಡೆಯಿತು. 1930ರಲ್ಲಿ ಮೊದಲ ಪ್ರಾಯೋಗಿಕ ಮಾರಾಟ ನಡೆದದ್ದು ಹದಿನೆಂಟು ಅಂಗಡಿಗಳಲ್ಲಿ, ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಆದರೆ ಇದು ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್, ಮಾರ್ಜರಿ ಹುಟ್ಟಿದ ಊರಲ್ಲ. ಇಂಥ ಕಡೆ ರಾಜ್ಯದ ಹೆಸರನ್ನು ಬಿಡದೆ ಬರೆಯಬೇಕು. ಇಲ್ಲವಾದರೆ ಓದುಗರು ತವರೂರಿನ ಅಭಿಮಾನದ ಕಥೆಯೊಂದನ್ನು ತಾವೇ ಕಟ್ಟಿಕೊಂಡುಬಿಡುತ್ತಾರೆ.

ಮನೆಗಳ ವಿಷಯದಲ್ಲಿ ನಾನು ಬೇಕೆಂದೇ ಜಿಪುಣತನ ತೋರಿದೆ. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂನಲ್ಲಿದ್ದ ಸ್ವಂತ ಮನೆಯನ್ನು ಬಿಲ್ಡರಿಗೆ ಕೊಟ್ಟು, ಅಲ್ಲಿ ಎದ್ದ ಬಹುಮಹಡಿ ಕಟ್ಟಡದ ನೆತ್ತಿಯ ಮೇಲೆ ಐವತ್ತನಾಲ್ಕು ಕೋಣೆಗಳ ಮೂರಂತಸ್ತಿನ ಅಪಾರ್ಟ್‌ಮೆಂಟ್ ಪಡೆದದ್ದು ಒಂದು ವಾಕ್ಯದಲ್ಲಿ ಮುಗಿಯಿತು. ಫ್ಲಾರಿಡಾದ ಪಾಮ್ ಬೀಚಿನಲ್ಲಿ 1924ರಿಂದ 1927ರವರೆಗೆ ಕಟ್ಟಿಸಿದ ಮಾರ್-ಅ-ಲಾಗೊ ಬಗ್ಗೆ ಇಂದಿನ ಓದುಗರಿಗೆ ಕುತೂಹಲ ಹೆಚ್ಚು, ಕಾರಣ ಎಲ್ಲರಿಗೂ ಗೊತ್ತಿರುವುದೇ. ಆ ಬಂಗಲೆಯ ಬಗ್ಗೆ ಬರೆಯಲು 1967ರಲ್ಲಿ ಅಮೆರಿಕದ ಐತಿಹಾಸಿಕ ಕಟ್ಟಡಗಳ ಸಮೀಕ್ಷೆಯವರು ಅಲ್ಲಿ ತಯಾರಿಸಿದ ಚಿತ್ರಗಳನ್ನೂ ವಿವರಣೆಯನ್ನೂ ಆಧಾರವಾಗಿ ಇಟ್ಟುಕೊಂಡೆ. ಅವು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲೇ ಇವೆ, ಯಾರು ಬೇಕಾದರೂ ನೋಡಬಹುದು. ಮೇರಿಯನ್ ಸಿಮ್ಸ್ ವೈತ್ ಎಂಬ ವಾಸ್ತುಶಿಲ್ಪಿಯ ನಕ್ಷೆ, ಜೋಸೆಫ್ ಅರ್ಬನ್ ಎಂಬ ರಂಗವಿನ್ಯಾಸಕನ ಅಲಂಕಾರ. ರಂಗಸಜ್ಜಿಕೆ ಮಾಡುವವನನ್ನು ಕರೆದು ಮನೆಯನ್ನು ಸಿಂಗರಿಸಿದ ಮೇಲೆ ಆ ಮನೆ ಎಷ್ಟು ಮಟ್ಟಿಗೆ ವಾಸಕ್ಕೆ, ಎಷ್ಟು ಮಟ್ಟಿಗೆ ಪ್ರದರ್ಶನಕ್ಕೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆರ್ಥಿಕ ಮುಗ್ಗಟ್ಟಿನ ವರ್ಷಗಳ ಒಂದು ಸಂಗತಿಗೆ ಮಾತ್ರ ಧಾರಾಳವಾಗಿ ಜಾಗ ಕೊಟ್ಟೆ. ಕೆಲಸ ಕಳೆದುಕೊಂಡ ಜನ ನ್ಯೂಯಾರ್ಕಿನ ಬೀದಿಗಳಲ್ಲಿ ಸಾಲುಗಟ್ಟಿ ನಿಂತಿದ್ದಾಗ ಮಾರ್ಜರಿ ತಮ್ಮ ಒಡವೆಗಳನ್ನು ಬ್ಯಾಂಕಿನ ತಿಜೋರಿಯಲ್ಲಿಟ್ಟು, ಅವುಗಳ ವಿಮೆಯನ್ನು ನಿಲ್ಲಿಸಿ, ಪ್ರತಿವರ್ಷ ಕಟ್ಟುತ್ತಿದ್ದ ಕಂತಿನ ಹಣದಿಂದ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯ ಮೂಲಕ ಹೆಂಗಸರಿಗೂ ಮಕ್ಕಳಿಗೂ ಊಟದ ಕೇಂದ್ರ ನಡೆಸಿದರು. ಇದನ್ನು ತ್ಯಾಗವೆಂದು ಹೊಗಳುವುದು ಸುಲಭ. ನನಗೆ ಕಂಡದ್ದು ವ್ಯಾಪಾರಸ್ಥರ ಮನೆಯ ಲೆಕ್ಕಾಚಾರ. ಒಡವೆ ಕೈಬಿಡಲಿಲ್ಲ, ಅಸಲು ಕರಗಲಿಲ್ಲ, ಖರ್ಚಿನ ಒಂದು ಬಾಬ್ತನ್ನು ಇನ್ನೊಂದಕ್ಕೆ ತಿರುಗಿಸಿದರು ಅಷ್ಟೆ. ಆದರೆ ಊಟ ಮಾಡಿದವರಿಗೆ ಆ ಲೆಕ್ಕಾಚಾರದಿಂದ ಏನೂ ಕಡಿಮೆಯಾಗಲಿಲ್ಲ ಎಂಬುದನ್ನೂ ಪಕ್ಕದಲ್ಲೇ ಬರೆದೆ.

ಬರೆಯುವುದಕ್ಕೆ ನನಗೆ ತುಂಬ ಕಷ್ಟವಾದದ್ದು ಮಾಸ್ಕೋ. ಮೂರನೆಯ ಪತಿ ಜೋಸೆಫ್ ಡೇವಿಸ್ 1937ರ ಆರಂಭದಿಂದ 1938ರ ಜೂನ್‌ವರೆಗೆ ಸೋವಿಯತ್ ಒಕ್ಕೂಟದಲ್ಲಿ ಅಮೆರಿಕದ ರಾಯಭಾರಿಯಾಗಿದ್ದರು. ದಂಪತಿಗಳು ಹೊರಡುವಾಗ ಜನರಲ್ ಫುಡ್ಸ್‌ನ ಹೆಪ್ಪುಗಟ್ಟಿಸಿದ ಆಹಾರವನ್ನೂ ಕ್ರೀಮನ್ನೂ ರಾಶಿ ರಾಶಿಯಾಗಿ ಸಾಗಿಸಿದ್ದನ್ನು ಪತ್ರಿಕೆಗಳು ಗೇಲಿ ಮಾಡಿದವು. ಸ್ಪಾಸೊ ಹೌಸ್ ಎಂಬ ರಾಯಭಾರಿ ನಿವಾಸದ ನೆಲಮಾಳಿಗೆಯಲ್ಲಿ ಜೋಡಿಸಿದ್ದ ಫ್ರೀಜರುಗಳ ಭಾರಕ್ಕೆ ವಿದ್ಯುತ್ ಕೈಕೊಟ್ಟು ಕ್ರೀಮು ಕೆಟ್ಟುಹೋದ ಪ್ರಸಂಗವನ್ನು ಅಲ್ಲಿ ದುಡಿದ ಅಧಿಕಾರಿಗಳು ಬಹುಕಾಲ ಹೇಳಿಕೊಂಡು ನಗುತ್ತಿದ್ದರು. ನಾನೂ ಅದನ್ನು ಬರೆದೆ. ಆದರೆ ಅದೇ ತಿಂಗಳುಗಳಲ್ಲಿ, ಹಳೆಯ ಸಂಗಾತಿಗಳ ಮೇಲೆ ದೇಶದ್ರೋಹದ ಸುಳ್ಳು ಆಪಾದನೆ ಹೊರಿಸಿ ನಡೆಸಿದ ಸ್ಟಾಲಿನ್ನನ ಪ್ರಸಿದ್ಧ ಮಾಸ್ಕೋ ವಿಚಾರಣೆಗಳು ನಡೆಯುತ್ತಿದ್ದವು. ಡೇವಿಸ್ ಸ್ವತಃ ನ್ಯಾಯಾಲಯದಲ್ಲಿ ಕುಳಿತು ಅವನ್ನು ನೋಡಿ, ಆಪಾದನೆಗಳು ಬಹುಮಟ್ಟಿಗೆ ನಿಜವೆಂದೇ ನಂಬಿದರು. ಮಾರ್ಜರಿ ಆ ಹೊತ್ತಿನಲ್ಲಿ ಸರ್ಕಾರಿ ಕಮಿಷನ್ ಅಂಗಡಿಗಳಲ್ಲಿ ರಷ್ಯದ ಹಳೆಯ ಕಲಾವಸ್ತುಗಳನ್ನು ಆಯ್ದು ಕೊಳ್ಳುತ್ತಿದ್ದರು. ಕ್ರಾಂತಿಯ ನಂತರ ಚರ್ಚು, ಅರಮನೆ, ಸಿರಿವಂತರ ಮನೆಗಳಿಂದ ವಶಪಡಿಸಿಕೊಂಡ ಸಾಮಾನುಗಳನ್ನು ಆ ಸರ್ಕಾರ ವಿದೇಶಿ ಹಣಕ್ಕಾಗಿ ಮಾರುತ್ತಿತ್ತು. ಪೂಜೆಯ ಪಾತ್ರೆಗಳು ಬೆಳ್ಳಿಯ ತೂಕದ ಲೆಕ್ಕದಲ್ಲಿ ಸಿಗುತ್ತಿದ್ದವು. ಅವರು ಕೊಳ್ಳದಿದ್ದರೆ ಎಷ್ಟೋ ವಸ್ತುಗಳು ಕರಗಿಹೋಗುತ್ತಿದ್ದವು ಎಂಬ ವಾದವಿದೆ. ಕೊಂಡವರ ಹಣ ಯಾರ ಕೈಗೆ ಹೋಯಿತು ಎಂಬ ಪ್ರಶ್ನೆಯೂ ಇದೆ. ಮೊದಲ ವಾದವನ್ನು ನಾನು ಅರ್ಧ ಒಪ್ಪುತ್ತೇನೆ. ಆದರೆ ಅದನ್ನು ಹೇಳಿ ಎರಡನೆಯದನ್ನು ಬಿಟ್ಟುಬಿಡುವುದು, ಜೀವನಚರಿತ್ರೆ ಬರೆಯುವವರು ತಮ್ಮ ನಾಯಕಿಗೆ ಕೊಡುವ ಲಂಚವೆಂದೇ ನನ್ನ ಭಾವನೆ.

ಆ ವಸ್ತುಗಳನ್ನು ನೋಡದೆ ಈ ಭಾಗ ಬರೆಯಬಾರದೆಂದು ವಾಷಿಂಗ್ಟನ್ನಿನ ಹಿಲ್‌ವುಡ್‌ಗೆ ಹೋದೆ. ರಾಕ್ ಕ್ರೀಕ್ ಉದ್ಯಾನದ ಪಕ್ಕದಲ್ಲಿ ಇಪ್ಪತ್ತೈದು ಎಕರೆಯಲ್ಲಿರುವ ಈ ಮನೆಯನ್ನು ಮಾರ್ಜರಿ 1955ರಲ್ಲಿ ಕೊಂಡು, ಮುಂದೆ ವಸ್ತುಸಂಗ್ರಹಾಲಯವಾಗಬೇಕೆಂಬ ಉದ್ದೇಶ ಇಟ್ಟುಕೊಂಡೇ ಪುನರ್ನಿರ್ಮಿಸಿದರು. ಬಂದವರೆಲ್ಲ ಮೊದಲು ಧಾವಿಸುವುದು ರಷ್ಯದ ಝಾರ್ ದೊರೆಗಳಿಗಾಗಿ ಫ್ಯಾಬರ್ಜೆ ಎಂಬ ಆಭರಣ ತಯಾರಕ ಮಾಡಿಕೊಟ್ಟ ಎರಡು ಈಸ್ಟರ್ ಮೊಟ್ಟೆಗಳತ್ತ. ನಾನು ಬಹಳ ಹೊತ್ತು ನಿಂತದ್ದು 1791ರಲ್ಲಿ ಮಹಾರಾಣಿ ಕ್ಯಾಥರೀನ್ ಮಾಡಿಸಿದ ಚಿನ್ನದ ಪೂಜಾಪಾತ್ರೆಯ ಮುಂದೆ. ವಜ್ರಗಳ ಬಳ್ಳಿ, ಅದರ ನಡುವೆ ಕಲ್ಲಿನಲ್ಲಿ ಕೊರೆದ ಪುಟ್ಟ ಆಕೃತಿಗಳು. ಸೇಂಟ್ ಪೀಟರ್ಸ್‌ಬರ್ಗಿನ ಅಲೆಕ್ಸಾಂಡರ್ ನೆವ್‌ಸ್ಕಿ ಮಠಕ್ಕೆ ಅರ್ಪಿಸಿದ್ದ ಆ ಪಾತ್ರೆ ಈಗ ದ್ರಾಕ್ಷಾರಸ ಕಾಣದೆ ಗಾಜಿನ ಪೆಟ್ಟಿಗೆಯೊಳಗೆ ದೀಪದ ಬೆಳಕಿನಲ್ಲಿ ಇದೆ. ದೇವಸ್ಥಾನದಿಂದ ಹೋದ ಉತ್ಸವಮೂರ್ತಿಯನ್ನು ಪರದೇಶದ ಮ್ಯೂಸಿಯಮ್ಮಿನಲ್ಲಿ ಕಂಡ ನಮ್ಮ ಕಡೆಯವರಿಗೆ ಈ ನೋಟ ಹೇಗಿರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಲೇಖನಕ್ಕೆ ಹೆಚ್ಚು ಉಪಯೋಗಕ್ಕೆ ಬಂದದ್ದು ಮಾತ್ರ ಅದೇ ಮನೆಯ ಅಡುಗೆಮನೆ ಮತ್ತು ಬಡಿಸುವವರ ಉಗ್ರಾಣ. 1950ರ ದಶಕದ ಸ್ಟೀಲ್ ಕಟ್ಟೆಗಳು, ದೊಡ್ಡ ಒಲೆಗಳು, ಗಾಜಿನ ಬಾಗಿಲಿನ ಕಪಾಟುಗಳಲ್ಲಿ ಜೋಡಿಸಿಟ್ಟ ಪಿಂಗಾಣಿಯ ಸೆಟ್ಟುಗಳು. ಪಕ್ಕದ ಊಟದ ಕೋಣೆಯಲ್ಲಿ ಬಣ್ಣಬಣ್ಣದ ಕಲ್ಲುಗಳನ್ನು ಕೆತ್ತಿ ಕೂರಿಸಿ ಫ್ಲಾರೆನ್ಸಿನಲ್ಲಿ ಮಾಡಿಸಿದ ಭಾರಿ ಮೇಜು ಇದೆ, ಅದು ಮೊದಲು ಮಾರ್-ಅ-ಲಾಗೊದಲ್ಲಿತ್ತು. ಉಗ್ರಾಣದಲ್ಲಿ ನಿಂತು ನೋಡಿದರೆ ಮಾತ್ರ ಆತಿಥ್ಯ ಕೆಲಸವಾಗಿ ಕಾಣುತ್ತದೆ: ಯಾವ ಅತಿಥಿಯ ಪಕ್ಕ ಯಾರು, ಯಾವ ಸೆಟ್ಟು, ಊಟ ಎಷ್ಟು ಹೊತ್ತಿಗೆ ಆರಂಭವಾಗಿ ಎಷ್ಟು ಹೊತ್ತಿಗೆ ಮುಗಿಯಬೇಕು, ಆಮೇಲೆ ಸಿನಿಮಾ ಪ್ರದರ್ಶನವೋ ಗುಂಪುನೃತ್ಯವೋ. ಅಡಿರಾಂಡಾಕ್ ಬೆಟ್ಟಗಳ ಟಾಪ್‌ರಿಜ್ ಎಂಬ ಬೇಸಿಗೆ ಬಿಡಾರಕ್ಕೆ ಅತಿಥಿಗಳನ್ನು ಕರೆಸಿಕೊಳ್ಳಲು ಅವರ ಬಳಿ ‘ಮೆರಿವೆದರ್’ ಎಂಬ ಹೆಸರಿನ ಸ್ವಂತ ವಿಮಾನವೇ ಇತ್ತು. ಹೀಗೆ ಬಂದು ಉಂಡವರಲ್ಲಿ ರಾಜಕಾರಣಿಗಳು, ರಾಯಭಾರಿಗಳು, ಸಂಗೀತಗಾರರು, ಮ್ಯೂಸಿಯಂ ನಿರ್ದೇಶಕರು ಎಲ್ಲರೂ ಇರುತ್ತಿದ್ದರು. 1955ರಲ್ಲಿ ಮಾರ್ಜರಿ ನ್ಯಾಷನಲ್ ಸಿಂಫನಿ ವಾದ್ಯವೃಂದಕ್ಕೆ ಒಂದು ಲಕ್ಷ ಡಾಲರ್ ಕೊಟ್ಟು, ವಾಷಿಂಗ್ಟನ್ನಿಗೆ ಪ್ರವಾಸ ಬರುವ ಶಾಲಾಮಕ್ಕಳಿಗೆ ಉಚಿತ ಸಂಗೀತ ಕಚೇರಿಗಳನ್ನು ಏರ್ಪಡಿಸಿದರು. ಕೊಲಂಬಿಯಾದ ಸಂಗೀತಮಂದಿರಕ್ಕೆ ಅವರ ಹೆಸರು ಬಂದದ್ದು ಈ ಪೋಷಣೆಯ ದೆಸೆಯಿಂದ. ದೇಣಿಗೆಯನ್ನು ಒಂದು ಕಡೆ, ಔತಣವನ್ನು ಇನ್ನೊಂದು ಕಡೆ ಬರೆದರೆ ಇವೆರಡರ ನಂಟು ಕಾಣುವುದಿಲ್ಲವೆಂದು, ನಾನು ಎರಡನ್ನೂ ಒಂದೇ ಭಾಗದಲ್ಲಿ ಹೆಣೆದೆ.

ಗಂಡಂದಿರಿಗೆ ಕೊಟ್ಟದ್ದು ಕೊನೆಯ ಒಂದು ಪುಟ. ಮೂವರು ಹೆಣ್ಣುಮಕ್ಕಳು ಮೊದಲ ಎರಡು ಮದುವೆಗಳಿಂದ ಹುಟ್ಟಿದವರು. ಕಿರಿಯಾಕೆ ಡೈನಾ ಮೆರಿಲ್ ಎಂಬ ಹೆಸರಿನಿಂದ ನಟಿಯಾಗಿ ಹೆಸರು ಮಾಡಿದರು. ವಿಚ್ಛೇದನಗಳ ಕಾರಣಗಳ ಬಗ್ಗೆ ಆ ಕಾಲದ ಗಾಸಿಪ್ ಬರಹಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಒಂದು ಮಾತಿಗೂ ದಾಖಲೆಯ ಬಲವಿಲ್ಲದ ಕಡೆ ನಾನು ದಿನಾಂಕಗಳನ್ನಷ್ಟೇ ಕೊಟ್ಟು ಸುಮ್ಮನಾದೆ. ಸಂಪಾದಕರಿಗೆ ಇದು ಸ್ವಲ್ಪ ಸಪ್ಪೆ ಅನ್ನಿಸಿತು. “ನಾಲ್ಕು ಮದುವೆ ಅಂದರೆ ಓದುಗರು ಕೇಳಿಯೇ ಕೇಳುತ್ತಾರೆ ಮೇಡಂ” ಎಂದರು. ಕೇಳಲಿ, ಕೇಳುವುದು ಅವರ ಹಕ್ಕು ಎಂದೆ.

ಎಲ್ಲಿ ನಿಲ್ಲಿಸಬೇಕೆಂಬುದನ್ನು ಕೊನೆಗೆ ಯೋಚಿಸಿದೆ. ಮಾರ್ಜರಿ 1973ರ ಸೆಪ್ಟೆಂಬರ್ 12ರಂದು ಹಿಲ್‌ವುಡ್‌ನಲ್ಲೇ ತೀರಿಕೊಂಡರು. ಆದರೆ ಮನೆಗಳನ್ನೇ ವೃತ್ತಿಯ ಸಲಕರಣೆ ಮಾಡಿಕೊಂಡಿದ್ದ ವ್ಯಕ್ತಿಯ ವೃತ್ತಿ ಸಾವಿನೊಂದಿಗೆ ಮುಗಿಯುವುದಿಲ್ಲ, ಉಯಿಲಿನಲ್ಲಿ ಮುಂದುವರಿಯುತ್ತದೆ. ಮಾರ್-ಅ-ಲಾಗೊವನ್ನು ಅಧ್ಯಕ್ಷರ ಚಳಿಗಾಲದ ನಿವಾಸವಾಗಲೆಂದು ಅಮೆರಿಕ ಸರ್ಕಾರಕ್ಕೂ, ಹಿಲ್‌ವುಡ್ಡನ್ನು ರಾಷ್ಟ್ರೀಯ ವಸ್ತುಸಂಗ್ರಹಾಲಯಗಳನ್ನು ನಡೆಸುವ ಸ್ಮಿತ್‌ಸೋನಿಯನ್ ಸಂಸ್ಥೆಗೂ, ಟಾಪ್‌ರಿಜ್ಜನ್ನು ನ್ಯೂಯಾರ್ಕ್ ರಾಜ್ಯಕ್ಕೂ ಅವರು ಬರೆದಿಟ್ಟಿದ್ದರು. ಮೂರೂ ಕೊಡುಗೆಗಳು ಸಾಕಲಾರದ ಆನೆಗಳಾದವು. ಸ್ಮಿತ್‌ಸೋನಿಯನ್ 1976ರಲ್ಲಿ ಹಿಲ್‌ವುಡ್ಡನ್ನು ಪೋಸ್ಟ್ ಕುಟುಂಬದ ಪ್ರತಿಷ್ಠಾನಕ್ಕೇ ಹಿಂತಿರುಗಿಸಿತು, ಸರ್ಕಾರ 1981ರಲ್ಲಿ ಮಾರ್-ಅ-ಲಾಗೊವನ್ನು ಹಿಂತಿರುಗಿಸಿತು, ಟಾಪ್‌ರಿಜ್‌ನ ಮನೆಗಳನ್ನು ರಾಜ್ಯವು ಮುಂದೆ ಖಾಸಗಿಯವರಿಗೆ ಮಾರಿತು. ಖರ್ಚಿನ ಹಣವನ್ನೂ ಆಡಳಿತದ ವ್ಯವಸ್ಥೆಯನ್ನೂ ಕುಟುಂಬವೇ ಹೊತ್ತ ಹಿಲ್‌ವುಡ್ ಮಾತ್ರ 1977ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದು, ಅವರು ಬಯಸಿದಂತೆ ಉಳಿಯಿತು. ಪಾಮ್ ಬೀಚಿನ ಮನೆಯನ್ನು 1985ರಲ್ಲಿ ಡೊನಾಲ್ಡ್ ಟ್ರಂಪ್ ಕೊಂಡರು. 2017ರಲ್ಲಿ ಅವರು ಅಧ್ಯಕ್ಷರಾದಾಗ, ಸರ್ಕಾರ ಬೇಡವೆಂದು ಹಿಂತಿರುಗಿಸಿದ್ದ ಆ ಮನೆ ಮಾಲೀಕನ ಖಾಸಗಿ ಕ್ಲಬ್ಬಾಗಿದ್ದುಕೊಂಡೇ ಅಧ್ಯಕ್ಷರ ಚಳಿಗಾಲದ ಬಿಡಾರವೂ ಆಯಿತು. ನನ್ನ ಲೇಖನವನ್ನು ಆ ವರ್ಷಕ್ಕೆ ತಂದು ನಿಲ್ಲಿಸಿದೆ.